ನೀರಿಗೆ ಹಾಕಿದ ಹೆಪ್ಪು

ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಡುಮನೆಗೆ ಬಂದೆ, ಒಂದು ವಾಸನೆ ಮೂಗಿಗೆ ಬಡಿಯಿತು. ಪೂರ್ತಿ ಕೊಟ್ಟಿಗೆಯದ್ದಲ್ಲ, ಪೂರ್ತಿ ಮೋರಿಯದ್ದೂ ಅಲ್ಲ. ಎರಡಕ್ಕೂ ದೂರದ ನೆಂಟಸ್ತಿಕೆ ಇರುವ ವಾಸನೆ. ಈ ವಯಸ್ಸಿನಲ್ಲಿ ನನ್ನ ಕಣ್ಣು ಮಂಜಾಗಿದೆ, ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತದೆ, ಮೂಗೊಂದು ಇನ್ನೂ ನಿವೃತ್ತಿಯಾಗಿಲ್ಲ. ಅದು ಕರೆದ ಕಡೆ ಹೋದೆ.

ಮೊಮ್ಮಗಳು ಚೈತ್ರ ಅದರ ಹಿಂದಿನ ವಾರ ತಂದಿಟ್ಟ ಮೀನಿನ ತೊಟ್ಟಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಗಾಜಿನೊಳಗಿನ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ತಂದಿದ್ದ ಆರು ಮೀನುಗಳಲ್ಲಿ ಕೊನೆಯದು ಅವತ್ತು ಬೆಳಿಗ್ಗೆ ಸತ್ತಿತ್ತು. ಇಲ್ಲೇ ಹಾಸನದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ಮ್ಯಾನೇಜರಿಗೂ ಹೆದರದ ಹುಡುಗಿ ಅವಳು. ಬೆರಳುದ್ದದ ಮೀನಿಗಾಗಿ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಪಕ್ಕದಲ್ಲಿ ಬಕೆಟ್ಟು, ಪಾತ್ರೆ ತೊಳೆಯುವ ಸೋಪು, ನಾರು ಸಿದ್ಧವಾಗಿದ್ದವು.

"ಎಲ್ಲಾ ಚೆಲ್ಲಿ ಉಜ್ಜಿಬಿಡ್ತೀನಿ ಅಜ್ಜಿ. ನೀನು ಹಿತ್ತಾಳೆ ಚೊಂಬು ಉಜ್ಜಿದ ಹಾಗೆ ಫಳಫಳ ಅನ್ನಬೇಕು," ಎಂದಳು.

"ಚೆಲ್ಲಬೇಡ. ಉಜ್ಜಲಂತೂ ಬೇಡವೇ ಬೇಡ," ಎಂದೆ.

ಲೋಟದಲ್ಲಿ ಒಂದು ಕಲೆ ಕಂಡರೆ ಮನೆಯನ್ನೇ ತಲೆಯ ಮೇಲೆ ಹೊರುವ ಅಜ್ಜಿಯ ಬಾಯಲ್ಲಿ ಇಂಥ ಮಾತು ಬಂದಿದ್ದಕ್ಕೆ ಅವಳು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಅರವತ್ತು ವರ್ಷ ಹಳೆಯ ಮಾತೊಂದು ನೆನಪಿಗೆ ಬಂದಿತ್ತು, ಅಷ್ಟೆ.

ಅದನ್ನು ಹೇಳುವ ಮೊದಲು ನಮ್ಮ ಮನೆಯ ಶುಚಿಯ ಬಗ್ಗೆ ನಿಮಗೆ ನಾಲ್ಕು ಮಾತು ಹೇಳದೆ ವಿಧಿಯಿಲ್ಲ. ನಾನು ಹುಟ್ಟಿ ಬೆಳೆದದ್ದು ಅರಕಲಗೂಡಿನಲ್ಲಿ. ನಮ್ಮಮ್ಮನ ರಾಜ್ಯದಲ್ಲಿ ತಂಗಳನ್ನಕ್ಕೆ ಕ್ಷಮೆ ಇತ್ತು, ಮೊಸರು ಕಲಸಿ ತಿನ್ನಬಹುದಿತ್ತು. ತಂಗಳು ನೀರಿಗೆ ಮಾತ್ರ ಕ್ಷಮೆ ಇರಲಿಲ್ಲ. ರಾತ್ರಿ ಕೊಡದಲ್ಲಿ ಉಳಿದ ನೀರು ಬೆಳಗಾದರೆ ದಾಸವಾಳದ ಗಿಡದ ಬುಡಕ್ಕೆ. ಕೊಡಕ್ಕೆ ಹುಣಸೆಹಣ್ಣು, ಸೀಗೆಪುಡಿ ಹಾಕಿ ಉಜ್ಜಿ, ಮೂರು ಸಲ ಗಲಬರಿಸಿ, ಬಾವಿಯಿಂದ ಸೇದಿದ ಹೊಸ ನೀರು ತುಂಬಿದ ಮೇಲೇ ಮಿಕ್ಕ ಕೆಲಸ. ನೀರು ಎಂದರೆ ಹೊಸದು, ಹೊಸದು ಎಂದರೆ ಒಳ್ಳೆಯದು ಎಂಬುದು ನನ್ನ ರಕ್ತದಲ್ಲೇ ಸೇರಿಹೋಗಿತ್ತು. ಆಮೇಲೆ ಮೈಸೂರಿನಲ್ಲಿ ನಾಲ್ಕು ವರ್ಷ ವಿಜ್ಞಾನ ಓದಿದೆ. ಆ ಓದು ಈ ನಂಬಿಕೆಯ ತಂಟೆಗೆ ಹೋಗಲಿಲ್ಲ. ಎರಡೂ ಒಂದೇ ಮನೆಯ ವಾರಗಿತ್ತಿಯರ ಹಾಗೆ ಬೇರೆ ಬೇರೆ ಒಲೆ ಹೂಡಿಕೊಂಡು ಸುಖವಾಗಿದ್ದವು.

ಇಸವಿ ಅರವತ್ತರ ಆಸುಪಾಸು. ನನಗೆ ಇಪ್ಪತ್ತೆರಡು. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾಗಿ ಸೇರಿದೆ. ಪ್ರಯೋಗಶಾಲೆ ಎಲ್ಲಿ ಎಂದು ಕೇಳಿದ್ದಕ್ಕೆ ಹೆಡ್‌ಮಿಸ್ಟ್ರೆಸ್ ಒಂದು ಬೀರುವಿನ ಬೀಗದ ಕೈ ಕೊಟ್ಟರು. ಅವರನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಬೀರುವಿನಲ್ಲಿ ಒಂದು ಅಯಸ್ಕಾಂತ, ಮೂಲೆ ಮುರಿದ ಪ್ರಿಸಂ, ಮನುಷ್ಯನ ಅಸ್ಥಿಪಂಜರದ ಒಂದು ಪಟ ಇದ್ದವು. ಪಟದಲ್ಲಿ ಮೊಣಕಾಲಿನಿಂದ ಕೆಳಗೆ ಗೆದ್ದಲು ತಿಂದಿತ್ತು.

ಇಂಥ ಶಾಲೆಗೆ ಒಂದು ದಿನ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ, ಗಾಜಿನ ತೊಟ್ಟಿಯೊಂದು ಬಂದಿಳಿಯಿತು. ಊರಿನ ತೆಂಗಿನಕಾಯಿ ಮಂಡಿಯ ಯಜಮಾನರು ದಸರೆಗೆ ಹೋದಾಗ ಮೋಹಪಟ್ಟು ಕೊಂಡು ತಂದಿದ್ದರಂತೆ. ಅವರ ಹೆಂಡತಿ, ಮೀನಿರುವ ಕಡೆ ತಾನು ಒಲೆ ಹಚ್ಚುವುದಿಲ್ಲ ಎಂದರಂತೆ. ಹೀಗೆ ಅದು ವಿದ್ಯಾದಾನವಾಯಿತು. ಜೊತೆಗೆ ಡಬ್ಬದಲ್ಲಿ ನಾಲ್ಕು ಕೆಂಪು ಮೀನು. ದೊಡ್ಡ ಮೇಡಂ ಮುಖ ಅರಳಿತು. ಇನ್ನು ಎರಡು ತಿಂಗಳಲ್ಲಿ ಶಾಲೆ ತಪಾಸಣೆಗೆ ಇನ್‌ಸ್ಪೆಕ್ಟ್ರೆಸ್ ಬರುವವರಿದ್ದರು, ತೋರಿಸಲು ಏನೂ ಇಲ್ಲ ಎಂಬ ಚಿಂತೆ ಅವರನ್ನು ಕಾಡುತ್ತಿತ್ತು. ತೊಟ್ಟಿಯ ಜವಾಬ್ದಾರಿ ನನಗೆ, ಕೈಗೆಲಸ ಆಯಾ ನಿಂಗಮ್ಮನಿಗೆ ಎಂದು ಅಪ್ಪಣೆಯಾಯಿತು.

ನಿಂಗಮ್ಮ ಸಣ್ಣಗೆ, ನೀಳವಾಗಿದ್ದ ಹೆಂಗಸು. ನಲವತ್ತು ಇರಬಹುದು. ಗಂಡ ಇರಲಿಲ್ಲ, ಇಬ್ಬರು ಮಕ್ಕಳಿದ್ದರು. ಅವಳ ಅಪ್ಪ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ನೀರುಗಂಟಿ, ಅಂದರೆ ಕೆರೆಯ ತೂಬು ಎತ್ತಿ ಇಳಿಸಿ ಊರಿನ ಗದ್ದೆಗಳಿಗೆಲ್ಲ ನೀರು ಹಂಚುವವನು. ಶಾಲೆಯಲ್ಲಿ ಅವಳದು ಹಂಗಾಮಿ ಕೆಲಸ. ಖಾಯಂ ಮಾಡುವ ಕಾಗದ ದೊಡ್ಡ ಮೇಡಂ ಮೇಜಿನ ಡ್ರಾಯರಿನಲ್ಲಿ ಸಹಿಗಾಗಿ ಕಾಯುತ್ತಿತ್ತು. ಆ ಸಹಿಯ ಮೇಲೆ ಅವಳ ಮಕ್ಕಳ ಊಟ, ಓದು ಎರಡೂ ನಿಂತಿವೆ ಎಂಬುದು ಶಾಲೆಗೆಲ್ಲ ಗೊತ್ತಿತ್ತು. ಅವಳು ಗುಡಿಸುತ್ತಿದ್ದಳು, ಗಂಟೆ ಹೊಡೆಯುತ್ತಿದ್ದಳು, ಗಿಡಕ್ಕೆ ನೀರು ಹಾಕುತ್ತಿದ್ದಳು. ಕುಡಿಯುವ ನೀರಿನ ಹಂಡೆ ತುಂಬುವುದಕ್ಕೆ ಮಾತ್ರ ಬೇರೆ ಹೆಂಗಸು ಬರುತ್ತಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳದಿದ್ದದ್ದು ಉತ್ತರ ಗೊತ್ತಿದ್ದರಿಂದ.

ನಾನು ಅಮ್ಮನ ಮಗಳು. ತೊಟ್ಟಿಯನ್ನು ದಿನವೂ ಬೆಳಿಗ್ಗೆ ಖಾಲಿ ಮಾಡಿ, ಸೀಗೆಪುಡಿಯಲ್ಲಿ ಉಜ್ಜಿ, ಬಾವಿಯ ಹೊಸ ನೀರು ತುಂಬಬೇಕು ಎಂದು ಹೇಳಿದೆ. ನಿಂಗಮ್ಮ ಸೀಗೆಯ ಡಬ್ಬ ಕೈಯಲ್ಲಿ ಹಿಡಿದು ನಿಂತಳು.

"ಸೀಗೆ ಬ್ಯಾಡ ಕಣ್ರವ್ವ. ಮೀನ್ಗೆ ಆಗಾಕಿಲ್ಲ. ನಮ್ ಕಡೆ ಅಳ್ಳದಲ್ಲಿ ಇಂಥವೇ ನೊರೆ ಬರೋ ಕಾಯಿ ಜಜ್ಜಿ ಆಕ್ತಾರೆ, ಮೀನು ತೇಲ್ತವೆ."

"ನಾನು ಓದಿರೋದೇ ಸೈನ್ಸು ನಿಂಗಮ್ಮ. ನೀನು ಉಜ್ಜು," ಎಂದೆ.

ಆ ಮಾತನ್ನು ಈಗ ನೆನೆಸಿಕೊಂಡರೆ ನನ್ನ ಕಿವಿಯನ್ನು ನಾನೇ ಹಿಂಡಬೇಕೆನ್ನಿಸುತ್ತದೆ. ಅವಳು ಉಜ್ಜಿದಳು. ಗಾಜು ಮದುವೆಮನೆಯ ಕನ್ನಡಿಯಂತೆ ಹೊಳೆಯಿತು. ಐದನೆಯ ದಿನ ನಾಲ್ಕೂ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು.

ದೊಡ್ಡ ಮೇಡಂ ಬಂದು ನೋಡಿದರು. ಮಂಡಿ ಯಜಮಾನರಿಗೆ ಏನು ಹೇಳುವುದು ಎಂಬ ಗಾಬರಿ ಅವರಿಗೆ ಸಿಟ್ಟಾಗಿ ತಿರುಗಿತು. "ತೊಟ್ಟಿ ತೊಳೆದದ್ದು ಯಾರು?" ಎಂದರು.

"ನಾನೇ ಕಣ್ರವ್ವ," ಎಂದಳು ನಿಂಗಮ್ಮ. ಅಷ್ಟೇ.

"ನಾಲ್ಕು ಮೀನು ನೋಡಿಕೊಳ್ಳೋಕೆ ಆಗದವಳು ನಾನೂರು ಮಕ್ಕಳನ್ನ ಏನು ನೋಡ್ಕೋತೀಯ? ಈ ತಿಂಗಳು ಮುಗಿಸಿಕೊಂಡು ಹೊರಡು."

ನಿಂಗಮ್ಮ ನನ್ನ ಕಡೆ ನೋಡಲಿಲ್ಲ. ನಾನು ಕೈಗೆ ಅಂಟಿದ ಸೀಮೆಸುಣ್ಣವನ್ನು ಬಹಳ ಆಸಕ್ತಿಯಿಂದ ಒರೆಸಿಕೊಳ್ಳುತ್ತಿದ್ದೆ. ನಾನೂ ಹೊಸಬಳು, ನನ್ನ ಕೆಲಸವೂ ಹಂಗಾಮಿ, ದೊಡ್ಡ ಮೇಡಂ ಎಂದರೆ ನನಗೂ ಹೆದರಿಕೆ. ಇವೆಲ್ಲ ನಿಜ. ಆದರೆ ಸುಮ್ಮನಿದ್ದದ್ದೂ ನಿಜ. ಒಂದು ದಿನ ಸುಮ್ಮನಿದ್ದೆ, ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಎರಡನೇ ಪೀರಿಯಡ್ ಬಿಟ್ಟು ದೊಡ್ಡ ಮೇಡಂ ಕೋಣೆಗೆ ಹೋದೆ. ಸೀಗೆ ಹಾಕು ಎಂದವಳು ನಾನು, ಬೇಡ ಎಂದವಳು ಅವಳು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮೂರು ದಿನ ಬೇಕಾಯ್ತೇನ್ರೀ?" ಎಂದರು. ಆಮೇಲೆ, "ಇನ್‌ಸ್ಪೆಕ್ಟ್ರೆಸ್ ಬರೋ ಹೊತ್ತಿಗೆ ತೊಟ್ಟಿಯಲ್ಲಿ ಜೀವಂತ ಮೀನು ಓಡಾಡ್ತಿರಬೇಕು. ಇದ್ದರೆ ಅವಳ ಕಾಗದಕ್ಕೆ ಸಹಿ. ಇಲ್ಲದಿದ್ದರೆ ಅವಳ ಜೊತೆ ನಿಮ್ಮ ಹೆಸರನ್ನೂ ಮೇಲಕ್ಕೆ ಬರೆದು ಕಳಿಸ್ತೀನಿ."

ಹೊರಗೆ ಬಂದು ನಿಂಗಮ್ಮನಿಗೆ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ. ಅವಳು ಪೊರಕೆ ನಿಲ್ಲಿಸಿ ನನ್ನನ್ನು ನೋಡಿದಳು.

"ನೀವು ಯೋಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ ಕಣವ್ವ. ಯೋಳಿದ್ರಲ್ಲ, ಬುಡಿ. ಈಗ ಮೀನಿನ ಯೋಚ್ನೆ ಮಾಡವ."

ಆ ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಹೇಮಾವತಿಗೆ ಹೋದೆವು. ನಾನು ಮೀನು ಹಿಡಿಯಲು ಹೊರಟಿದ್ದೇವೆ ಎಂದುಕೊಂಡು ಸೀರೆ ಎತ್ತಿ ಕಟ್ಟಿದೆ. ನಿಂಗಮ್ಮ ಮೀನಿನ ಕಡೆ ತಿರುಗಿಯೂ ನೋಡಲಿಲ್ಲ. ಮೆಟ್ಟಿಲಿನ ಪಕ್ಕ, ನೀರು ನಿಧಾನವಾಗಿ ಹರಿಯುವ ಕಡೆ ಬಗ್ಗಿ, ಲೋಳೆ ಹಿಡಿದ ಕಲ್ಲುಹರಳುಗಳನ್ನು ಒದ್ದೆ ಬಟ್ಟೆಗೆ ತುಂಬತೊಡಗಿದಳು. ಜಾರುವ, ಹಸಿರುಗಟ್ಟಿದ, ನಮ್ಮಮ್ಮ ಕಂಡರೆ ಅಲ್ಲೇ ಸ್ನಾನ ಮಾಡುವಂಥ ಹರಳುಗಳು.

"ತೊಳೆದುಕೊಂಡು ಹೋಗೋಣ," ಎಂದೆ ತಡೆಯಲಾರದೆ.

"ತೊಳ್ದ್ರೆ ಬರೀ ಕಲ್ಲಾಯ್ತದೆ. ಈ ಲೋಳೇನೇ ಎಪ್ಪು ಕಣವ್ವ. ಎಪ್ಪಾಕ್ದೆ ಆಲು ಮೊಸರಾಯ್ತದಾ? ನೀರೂ ಅಂಗೇಯ. ಬಾವಿ ನೀರು ಬರೀ ನೀರು, ಅದ್ರಲ್ಲಿ ಯಾರೂ ಇಲ್ಲ. ಒಸ ಕೆರೆ ಕಟ್ಟಿದ್ರೆ ನಮ್ಮಪ್ಪ ಅಳೇ ಕೆರೆಯಿಂದ ಒಂದು ಮಂಕರಿ ಗೋಡುಮಣ್ಣು ತಂದು ಆಕೋನು. ಮೀನು ಆಮ್ಯಾಕೆ."

ಹೆಪ್ಪು. ನಾನು ಹುಟ್ಟಿದಾಗಿನಿಂದ ಅಮ್ಮ ದಿನಾ ರಾತ್ರಿ ಹಾಲಿಗೆ ಹಾಕುತ್ತಿದ್ದ, ಇಲ್ಲದ ದಿನ ನಾನೇ ಬಟ್ಟಲು ಹಿಡಿದು ಪಕ್ಕದ ಮನೆಯಿಂದ ಬೇಡಿ ತರುತ್ತಿದ್ದ ಹೆಪ್ಪು. ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆ ಎಂದು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಪಾಸೂ ಆಗಿದ್ದೆ. ಅಡಿಗೆಮನೆಯ ಬಟ್ಟಲಿಗೂ ಆ ಪುಸ್ತಕಕ್ಕೂ ಈ ನದಿಯ ಲೋಳೆಗೂ ಏನಾದರೂ ಮಾತುಕತೆ ಇದ್ದೀತು ಎಂದು ಮಾತ್ರ ಹೊಳೆದಿರಲಿಲ್ಲ.

ಬಾವಿ ನೀರಿನದು ಇನ್ನೊಂದು ಪಾಠ. ಆಗ ವಾಂತಿಭೇದಿಯ ಹೆದರಿಕೆಗೆ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿ ಹೋಗುತ್ತಿದ್ದರು. ಮೂಗಿಗೆ ಘಾಟು ಹೊಡೆಯುತ್ತಿತ್ತು. ನಿಂಗಮ್ಮ ಆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ತುಂಬಿ ಎರಡು ಹಗಲು ಬಿಸಿಲಿಗೆ ಇಟ್ಟಳು. ಘಾಟು ಹೋದ ಮೇಲೇ ತೊಟ್ಟಿಗೆ. ಅಂದರೆ ನಮ್ಮಮ್ಮ ದಾಸವಾಳದ ಬುಡಕ್ಕೆ ಚೆಲ್ಲುತ್ತಿದ್ದ ತಂಗಳು ನೀರೇ ಮೀನಿಗೆ ಹೊಸ ನೀರು. ನಾನು ಮನಸ್ಸಿನಲ್ಲೇ ಅಮ್ಮನ ಕ್ಷಮೆ ಕೇಳಿದೆ.

ಹರಳು ಹಾಕಿ, ನೀರು ತುಂಬಿ, ಕಾಲುವೆಯಿಂದ ತಂದ ಒಂದು ಹಿಡಿ ನೀರುಗಿಡ ನೆಟ್ಟು ನಿಂಗಮ್ಮ ಕೈ ತೊಳೆದುಕೊಂಡಳು. ಮರುದಿನದಿಂದ ತನ್ನ ಊಟದ ಮುದ್ದೆಯಲ್ಲಿ ಒಂದು ಕಾಳಿನಷ್ಟು ಒಣಗಿಸಿ ಪುಡಿ ಮಾಡಿ ದಿನಾ ತೊಟ್ಟಿಗೆ ಹಾಕತೊಡಗಿದಳು.

"ಮೀನೇ ಇಲ್ಲವಲ್ಲ, ಯಾರಿಗೆ ಹಾಕ್ತೀಯ?" ಎಂದೆ.

"ಮೀನ್ಗಿಂತ ಮುಂಚೆ ಬರೋರು ಬಂದವ್ರೆ. ಕಣ್ಣಿಗೆ ಕಾಣಾಕಿಲ್ಲ, ಅಷ್ಟೇಯ. ಅವ್ರು ಉಪಾಸ ಇದ್ರೆ ಮೀನೂ ನಿಲ್ಲಾಕಿಲ್ಲ."

ವಾರದೊಳಗೆ ನೀರು ಬೆಳ್ಳಗಾಯಿತು. ಹತ್ತು ದಿನಕ್ಕೆ ಕೊಟ್ಟಿಗೆಯ ವಾಸನೆ ಹೊಡೆಯಿತು. ಇದೇ ನೋಡಿ, ಚೈತ್ರಳ ತೊಟ್ಟಿಯಲ್ಲಿ ನನ್ನ ಮೂಗು ಗುರುತು ಹಿಡಿದದ್ದು ಇದನ್ನೇ. ಹುಡುಗಿಯರು ಸೆರಗು, ದಾವಣಿ ಮೂಗಿಗೆ ಹಿಡಿದು ಓಡಾಡಿದರು. ಹೊಲಿಗೆ ಟೀಚರು, "ಮೀನಿಲ್ಲದ ತೊಟ್ಟಿಗೆ ಮೀನಿನ ನಾತ, ಇದು ಯಾವ ಸೈನ್ಸೋ," ಎಂದು ನಕ್ಕರು. ನನ್ನ ಕೈ ಸೀಗೆಡಬ್ಬಕ್ಕಾಗಿ ತುರಿಸುತ್ತಿತ್ತು. ಒಂದು ಮಧ್ಯಾಹ್ನ ದೊಡ್ಡ ಮೇಡಂ ಖುದ್ದಾಗಿ ಬಂದು, "ಇವತ್ತೇ ಚೆಲ್ಲಿಸಿ. ಮಕ್ಕಳಿಗೆ ಕಾಯಿಲೆ ಬಂದೀತು," ಎಂದರು.

ಏನು ಧೈರ್ಯ ಬಂತೋ ಕಾಣೆ. ತೊಟ್ಟಿಗೆ ಅಡ್ಡ ನಿಂತೆ. "ಇದು ಹೆಪ್ಪು ಕಟ್ಟುತ್ತಿರೋ ನೀರು ಮೇಡಂ. ಮೊಸರು ಆಗುವಾಗ ಪಾತ್ರೆ ಅಲ್ಲಾಡಿಸ್ತೀವಾ? ಇನ್ನು ಹತ್ತು ದಿನ ಬಿಡಿ," ಎಂದೆ. ಅವರೂ ದಿನಾ ಹೆಪ್ಪು ಹಾಕುವ ಹೆಂಗಸೇ ತಾನೆ. ಬಗ್ಗಿ ತೊಟ್ಟಿಯೊಳಗೆ ನೋಡಿದರು. "ಕಿಟಕಿಯಾದರೂ ತೆರೆದಿಡಿ," ಎಂದು ಹೊರಟುಹೋದರು.

ಆ ದಿನಗಳಲ್ಲಿ ನಿಂಗಮ್ಮ ನನಗೆ ನೀರಿನ ವಾಸನೆ ನೋಡುವುದನ್ನು ಕಲಿಸಿದಳು. ಬೆಳಿಗ್ಗೆ ಬಂದೊಡನೆ ಇಬ್ಬರೂ ತೊಟ್ಟಿಯ ಮೇಲೆ ಬಗ್ಗುವುದು. ಇವತ್ತು ಘಾಟು ಜಾಸ್ತಿ, ಮುದ್ದೆಪುಡಿ ಬೇಡ. ಇವತ್ತು ಕಡಿಮೆ, ಒಂದು ಚಿಟಿಕೆ ಹಾಕೋಣ. ಪ್ರಯೋಗಶಾಲೆಯ ಬೀರು ಬೀಗ ಹಾಕಿಕೊಂಡು ಮೂಲೆಯಲ್ಲಿತ್ತು, ಇಬ್ಬರು ಹೆಂಗಸರ ಎರಡು ಮೂಗು ವಿಜ್ಞಾನ ನಡೆಸುತ್ತಿದ್ದವು. ಹುಡುಗಿಯರೂ ಒಬ್ಬೊಬ್ಬರಾಗಿ ಸೆರಗು ಬಿಟ್ಟು ಬಗ್ಗಲು ಬಂದರು. ನಾನು ಕರಿಹಲಗೆಯ ಮೂಲೆಯಲ್ಲಿ ದಿನಾ ನೀರಿನ ಬಣ್ಣ, ವಾಸನೆ ಬರೆಸಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಒಳ್ಳೆಯ ಪಾಠ ಅದೇ.

ನಾಲ್ಕನೆಯ ವಾರದ ಒಂದು ಸೋಮವಾರ ಬಂದು ನೋಡಿದರೆ ನೀರು ತಿಳಿಯಾಗಿತ್ತು. ಬಗ್ಗಿ ಮೂಸಿದೆ. ಕೊಟ್ಟಿಗೆ ಇಲ್ಲ, ಬ್ಲೀಚಿಂಗ್ ಇಲ್ಲ, ಬೆಳಗಿನ ಹೊಳೆದಂಡೆಯ ವಾಸನೆ. ಗಾಜಿನ ಮೇಲೆ ಸಾಸಿವೆಯಷ್ಟು ದೊಡ್ಡ ಬಸವನಹುಳುವೊಂದು ನಡೆದು ಹೋಗುತ್ತಿತ್ತು. ನಿಂಗಮ್ಮ ಬಂದು ನೋಡಿ, ನನ್ನ ಮೊಣಕೈಯನ್ನು ಒಂದು ಸಲ ಹಿಡಿದು ಬಿಟ್ಟಳು. ನನಗೆ ಅಳು ಬಂತು. ನೀರು ನೋಡಿ ಅಳುವ ಟೀಚರನ್ನು ಹುಡುಗಿಯರು ಅದೇ ಮೊದಲು ನೋಡಿದ್ದು.

ಆಮೇಲೂ ಅವಳು ಅವಸರಪಡಲಿಲ್ಲ. ಕಾಲುವೆಯಿಂದ ಮೊದಲು ಎರಡೇ ಪಕ್ಕೆ ಮೀನು ತಂದು ಬಿಟ್ಟಳು, ಬೆಳ್ಳಗೆ ಬೆರಳುದ್ದ. ವಾರ ಬಿಟ್ಟು ಮತ್ತೆರಡು, ಇನ್ನೊಂದು ವಾರಕ್ಕೆ ಇನ್ನೆರಡು. ಎಂಟು ದಿನಕ್ಕೊಮ್ಮೆ ಒಂದು ಕೊಡ ಹಳೇ ನೀರು ತೆಗೆದು ಬಿಸಿಲಲ್ಲಿಟ್ಟ ಒಂದು ಕೊಡ ತುಂಬುವುದು. ಇನ್‌ಸ್ಪೆಕ್ಟ್ರೆಸ್ ಬಂದ ದಿನ ಆರು ಮೀನು ನೀರುಗಿಡದ ನಡುವೆ ಓಡಾಡಿಕೊಂಡಿದ್ದವು.

ಇನ್‌ಸ್ಪೆಕ್ಟ್ರೆಸ್ ಕನ್ನಡಕದ ಗಂಭೀರ ಹೆಂಗಸು. ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. "ಎಷ್ಟು ದಿನಕ್ಕೊಮ್ಮೆ ನೀರು ಬದಲಾಯಿಸ್ತೀರಿ?" ಎಂದರು.

"ದಿನಾ ಮೇಡಂ, ತಪ್ಪದೆ," ಎಂದರು ದೊಡ್ಡ ಮೇಡಂ ಹೆಮ್ಮೆಯಿಂದ.

"ಇಲ್ಲ," ಎಂದೆ ನಾನು. ಯಾಕೆ ಎಂದು ಇನ್‌ಸ್ಪೆಕ್ಟ್ರೆಸ್ ನನ್ನನ್ನೇ ಕೇಳಿದರು. ದೊಡ್ಡ ಮೇಡಂ, "ಎಲ್ಲಾ ನಮ್ಮ ಈ ಟೀಚರದೇ ಕೆಲಸ," ಎಂದು ದಾರಿ ಮಾಡಿಕೊಟ್ಟರು. ಒಂದು ಕ್ಷಣ ಆ ಹೊಗಳಿಕೆ ನನಗೆ ಸಿಹಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಯಿ ಮುಚ್ಚಿಕೊಂಡಿದ್ದ ಆ ಮೂರು ದಿನವನ್ನು ನಾನಿನ್ನೂ ಮರೆತಿರಲಿಲ್ಲ. "ಇದು ನಿಂಗಮ್ಮನ ಕೆಲಸ. ಅವಳನ್ನೇ ಕೇಳಬೇಕು," ಎಂದು ಬಾಗಿಲಾಚೆ ನಿಂತವಳನ್ನು ಒಳಗೆ ಕರೆದೆ.

ಅವಳು ಸೆರಗು ಹೊದ್ದು ಬಂದು ನಿಂತಳು. "ನೀರ್ಗೂ ಒಂದು ಸಂಸಾರ ಅದೆ ಅಮ್ಮಾರೆ," ಎಂದಳು ನಿಧಾನವಾಗಿ. "ಒಂದೇ ಸಲ ಎಲ್ಲಾ ಚೆಲ್ಬುಟ್ರೆ ಅವ್ರು ಬೀದಿಪಾಲಾಯ್ತಾರೆ. ಮೀನು ಗಲೀಜು ಮಾಡ್ತದೆ, ಅವ್ರು ಅದ್ನ ಉಂಡು ನೀರ ನೆಟ್ಟಗೆ ಮಾಡ್ತಾರೆ. ನಾವು ಒಸಿ ಒಸಿ ಬದಲಾಯಿಸ್ಬೇಕು."

ಇನ್‌ಸ್ಪೆಕ್ಟ್ರೆಸ್ ಕನ್ನಡಕ ತೆಗೆದರು. ಹೋಗುವ ಮುಂಚೆ ಶಾಲೆಯ ಭೇಟಿ ಪುಸ್ತಕದಲ್ಲಿ, ತೊಟ್ಟಿಯನ್ನು ಸಾಕಿದವರು ಆಯಾ ನಿಂಗಮ್ಮ ಎಂದು ಕೈಯಾರೆ ಬರೆದರು. ಆ ಸಾಲನ್ನು ನಾನು ನಿಂಗಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದಿ ಎಂದಳು. ಮತ್ತೆ ಓದಿದೆ. ಅವತ್ತೇ ಸಾಯಂಕಾಲ ದೊಡ್ಡ ಮೇಡಂ ಡ್ರಾಯರು ತೆರೆದು ಸಹಿ ಹಾಕಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಎರಡು ವರ್ಷಕ್ಕೆ ನನ್ನ ಮದುವೆಯಾಯಿತು, ಹಾಸನದ ಮನೆ. ಹೊರಡುವ ದಿನ ನಿಂಗಮ್ಮ ಬಸ್‌ಸ್ಟ್ಯಾಂಡಿಗೆ ಬಂದಳು. ಒಂದು ಪುಟ್ಟ ತಗಡಿನ ಡಬ್ಬಿ ಕೈಗಿಟ್ಟಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ತೊಟ್ಟಿಯ ಹರಳುಗಳು. "ಒಸ ಮನೆಗೆ ಎಪ್ಪು ತಕೊಂಡು ಓಗಿ ಕಣವ್ವ. ಅಲ್ಲಿ ಯಾರ ತಾವ್ಲೂ ಕೇಳಿ ಇಲ್ಲ ಅನ್ನಿಸ್ಕೋಬ್ಯಾಡಿ," ಎಂದಳು.

ಬಸ್ಸಿನಲ್ಲಿ ಪಕ್ಕದಲ್ಲಿ ಅತ್ತೆ. ಸ್ವಲ್ಪ ದೂರ ಹೋದ ಮೇಲೆ, "ಏನೋ ನಾತ ಬರ್ತಿದೆಯಲ್ಲ," ಎಂದರು. ನನಗೂ ಹಾಗೇ ಅನ್ನಿಸ್ತಿದೆ ಎಂದೆ. ಮೊಸಳೆ ಎಂಬ ಊರಿನ ಹತ್ತಿರ ಕೆರೆ ಏರಿಯ ಮೇಲೆ ಬಸ್ಸು ರೇಡಿಯೇಟರಿಗೆ ನೀರು ಹಾಕಲು ನಿಂತಿತು. ಕಾಲು ಜೋಮು ಹಿಡಿದಿದೆ ಎಂದು ಇಳಿದು, ಹೊಸ ಸೀರೆಯ ನೆರಿಗೆ ಹಿಡಿದುಕೊಂಡು, ಆ ಹರಳುಗಳನ್ನು ಕೆರೆಗೆ ಸುರಿದುಬಿಟ್ಟೆ. ಡಬ್ಬಿಯನ್ನೂ ಎಸೆದೆ. ನಿಂಗಮ್ಮ ಖಾಯಂ ನೌಕರಳಾಗಿ, ಪಿಂಚಣಿ ಪಡೆದು, ಮಕ್ಕಳು ದಡ ಸೇರಿದ್ದನ್ನು ನೋಡಿಯೇ ತೀರಿಕೊಂಡಳು ಎಂದು ಬಹಳ ತಡವಾಗಿ ತಿಳಿಯಿತು. ನಾನು ಒಂದು ಸಲವೂ ಹೋಗಿ ನೋಡಲಿಲ್ಲ. ಮನೆಯಲ್ಲಿ ಮಾತು ಬಂದಾಗ, ಟೀಚರಾಗಿದ್ದಾಗ ನಾನು ಮೀನು ಸಾಕಿದ್ದೆ ಎನ್ನುತ್ತಿದ್ದೆ. ನಾನು ಎಂದು.

ಅವತ್ತು ಚೈತ್ರಳಿಗೆ ಇದೆಲ್ಲವನ್ನೂ ಹೇಳಿದೆ, ಡಬ್ಬಿಯನ್ನೂ ಬಿಡದೆ. ಅವಳು ನಾರು, ಸೋಪು ಎತ್ತಿಟ್ಟಳು. "ಈಗ ಹೆಪ್ಪು ಎಲ್ಲಿಂದ ತರೋದು?" ಎಂದಳು.

"ಮೊಸಳೆಯ ಕೆರೆಯಲ್ಲಿದೆ," ಎಂದೆ.

"ಅರವತ್ತು ವರ್ಷದ ಹಿಂದೆ ಸುರಿದದ್ದು ಇನ್ನೂ ಇರುತ್ತಾ ಅಜ್ಜಿ?"

"ಅದು ತೀರಿಹೋಗೋ ವಸ್ತು ಅಲ್ಲ ಕಣೇ."

ಭಾನುವಾರ ಕಾರಿನಲ್ಲಿ ಕರೆದುಕೊಂಡು ಹೋದಳು. ನನ್ನ ಮೊಣಕಾಲು ಕೆರೆ ಏರಿಯಿಂದ ಕೆಳಗಿಳಿಯಲು ಒಪ್ಪಲಿಲ್ಲ. ನಾನು ಮೇಲೆ ನಿಂತು, ಅಲ್ಲಿ, ಇನ್ನೂ ಸ್ವಲ್ಪ ಬಲಕ್ಕೆ, ಎಂದು ಕೈ ತೋರಿಸಿದೆ, ಜಾಗ ನೆನಪಿರುವವಳ ಹಾಗೆ. ಚೈತ್ರ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ಲೋಳೆ ಹಿಡಿದ ಹರಳುಗಳನ್ನು ಒದ್ದೆ ಬಟ್ಟೆಗೆ ತುಂಬಿದಳು. ಬರುವಾಗ ದಾರಿಯುದ್ದಕ್ಕೂ ಅದನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡೆ. ಕಾರೆಲ್ಲ ವಾಸನೆ. ಯಾರೂ ಏನೂ ಅನ್ನಲಿಲ್ಲ.

ಇವತ್ತಿಗೆ ಹನ್ನೆರಡು ದಿನ. ನೀರು ಇನ್ನೂ ಬೆಳ್ಳಗಿದೆ, ಆದರೆ ಘಾಟು ಇಳಿಯುತ್ತಿದೆ. ಬೆಳಿಗ್ಗೆ ಇಬ್ಬರೂ ಬಗ್ಗಿ ಮೂಸುತ್ತೇವೆ. ಸಂಜೆ ಪಕ್ಕದ ಮನೆಯಾಕೆ ಬಂದಿದ್ದರು. ಚೈತ್ರ ತೊಟ್ಟಿಗೆ ಏನೋ ಹಾಕುವುದನ್ನು ನೋಡಿ, "ಮೀನೇ ಕಾಣಿಸ್ತಿಲ್ಲ, ಯಾರಿಗೆ ಹಾಕ್ತಿದೀರಾ?" ಎಂದರು.

"ಮೀನ್ಗಿಂತ ಮುಂಚೆ ಬರೋರು ಬಂದವ್ರೆ ಕಣವ್ವ," ಎಂದೆ. "ಕಣ್ಣಿಗೆ ಕಾಣಾಕಿಲ್ಲ, ಅಷ್ಟೇಯ."

ಈ ಮನೆಯಲ್ಲಿ ನಾನು ಇಷ್ಟು ವರ್ಷ ಆಡದ ಮಾತಿನ ಧಾಟಿ ಅದು. ಆಕೆ ತಬ್ಬಿಬ್ಬಾಗಿ ಚೈತ್ರಳ ಕಡೆ ನೋಡಿದರು.

"ಅದು ನಿಂಗಮ್ಮ ಹೇಳ್ತಿದ್ದ ಮಾತು ಆಂಟಿ," ಎಂದಳು ಚೈತ್ರ.

"ನಿಂಗಮ್ಮ ಯಾರು?"

ಚೈತ್ರ ಬೆರಳ ತುದಿಯಲ್ಲಿ ಉಳಿದ ಮುದ್ದೆಪುಡಿಯನ್ನು ನೀರಿಗೆ ಉದುರಿಸಿ, "ನಮ್ಮಜ್ಜಿಯ ಟೀಚರು," ಎಂದಳು.